ಸುಣ್ಣ ಸುರಿದ ಜಾಗದಲ್ಲಿ ಎದ್ದ ಅಣಬೆ ತಿನ್ನಬಹುದಾ?

ಪ್ರಶ್ನೆ: ನಾವು ಹಾವೇರಿ ಕಡೆಯವರು, ಈಗ ಗೋವಾದ ವಾಸ್ಕೋದಲ್ಲಿದ್ದೇವೆ. ಹಿತ್ತಲಲ್ಲಿ ಉಳಿದ ಸುಣ್ಣ ಸುರಿದಿದ್ದೆವು. ಅಲ್ಲಿ ಈ ಮಳೆಗೆ ತಟ್ಟೆಯಗಲದ ಬಿಳಿ ಅಣಬೆಗಳು ಎದ್ದಿವೆ. ಇಂಗ್ಲೆಂಡಿನಲ್ಲಿ ಸುಣ್ಣದ ಮಣ್ಣಿನಲ್ಲಿ ತಿನ್ನುವ ಅಣಬೆ ಆರಿಸುವ ವಿಡಿಯೊ ನೋಡಿದೆ. ಇವನ್ನೂ ತಿನ್ನಬಹುದಾ? ಬೆಳ್ಳುಳ್ಳಿ ಜೊತೆ ಬೇಯಿಸಿದರೆ ವಿಷ ಗೊತ್ತಾಗುತ್ತಂತೆ, ನಿಜಾನಾ?

ಉತ್ತರ: ದಯವಿಟ್ಟು ತಿನ್ನಬೇಡಿ. ಬೆಳ್ಳುಳ್ಳಿ ಕಪ್ಪಾಗುತ್ತದೆ, ಬೆಳ್ಳಿ ಚಮಚ ಬಣ್ಣ ಬದಲಿಸುತ್ತದೆ ಅನ್ನುವುದೆಲ್ಲ ಸುಳ್ಳು. ಈ ನಂಬಿಕೆಯಿಂದಲೇ ಜೀವ ಹೋಗುತ್ತದೆ.

ವಿಡಿಯೊದಲ್ಲಿ ನೋಡಿದ್ದು ನಿಜ ಇರಬಹುದು. ಅಲ್ಲಿ ಸುಣ್ಣದ ನೆಲದ ಹುಲ್ಲುಗಾವಲಿನಲ್ಲಿ ಸೇಂಟ್ ಜಾರ್ಜ್ ಅಣಬೆ ಏಪ್ರಿಲ್ 23ರ ಆಸುಪಾಸಿನಲ್ಲಿ ಏಳುತ್ತದೆ. ತಿನ್ನಲು ಚೆನ್ನಾಗಿರುತ್ತದೆ. ಆದರೆ ಅಂಥದೇ ಮಣ್ಣಿನಲ್ಲಿ ಡೆಡ್ಲಿ ಫೈಬರ್‌ಕ್ಯಾಪ್ ಎಂಬ ವಿಷದ ಅಣಬೆಯೂ ಬರುತ್ತದೆ. ಎಳೆಯದಿದ್ದಾಗ ಅದೂ ಬೆಳ್ಳಗೇ. ಮಣ್ಣು ನೋಡಿ ಯಾವ ಅಣಬೆ ಬರಬಹುದು ಅಂತ ಊಹಿಸಬಹುದು, ತಿನ್ನಬಹುದು ಅಂತ ಹೇಳಲಾಗದು. ಗೋವಾದ್ದು ಬಹುಪಾಲು ಜಂಬಿಟ್ಟಿಗೆ ಮಣ್ಣು, ಹುಳಿ ಗುಣದ್ದು. ಒಂದು ಬುಟ್ಟಿ ಸುಣ್ಣದಿಂದ ಅದು ಇಂಗ್ಲೆಂಡಿನ ಸುಣ್ಣದ ನೆಲ ಆಗುವುದಿಲ್ಲ, ಅಲ್ವಾ?

ನಿಮ್ಮದು ಕ್ಲೋರೊಫಿಲಮ್ ಎಂಬ ವಿಷದ ಅಣಬೆ ಇರಬಹುದು ಅನ್ನುವುದು ನನ್ನ ಅನುಮಾನ. ಮಳೆಗಾಲದಲ್ಲಿ ಹುಲ್ಲಿನ ಜಾಗದಲ್ಲಿ ಏಳುತ್ತದೆ, ತಿಂದ ಕೆಲವೇ ಗಂಟೆಗಳಲ್ಲಿ ಜೋರು ವಾಂತಿ, ಭೇದಿ. ಕುತೂಹಲಕ್ಕೆ ಹೀಗೆ ನೋಡಿ: ಬಲಿತ ಅಣಬೆಯ ಕಾಂಡ ಕತ್ತರಿಸಿ, ಕೊಡೆಯನ್ನು ಬಿಳಿ ಕಾಗದದ ಮೇಲೆ ಕವುಚಿ, ಮೇಲೊಂದು ಬಟ್ಟಲು ಮುಚ್ಚಿಡಿ. ಬೆಳಿಗ್ಗೆ ಎತ್ತಿದರೆ ಅಣಬೆಯ ಪುಡಿ ಗೆರೆಗೆರೆಯಾಗಿ ಬಿದ್ದಿರುತ್ತದೆ. ಪಾಚಿಯಂಥ ಹಸಿರು ಇದ್ದರೆ ಅದೇ. ಹಸಿರು ಬರಲಿಲ್ಲ ಅಂತ ಒಲೆ ಮೇಲೆ ಇಡಬೇಡಿ. ಕೊಲ್ಲುವ ಅಮಾನಿಟಾ ಜಾತಿಗಳ ಪುಡಿ ಬಿಳಿ. ಅವುಗಳ ವಿಷ ಎಷ್ಟು ಬೇಯಿಸಿದರೂ ಹೋಗುವುದಿಲ್ಲ.

ಅಣಬೆಯ ಆಸೆ ನನಗೂ ಗೊತ್ತು. ಮಳೆಗಾಲದಲ್ಲಿ ಗೋವಾದವರು ಕಾಯುವ ‘ಅಳಮಿ’ ಹುತ್ತದಲ್ಲಿ ಬೆಳೆಯುವ ಅಣಬೆ, ನಮ್ಮ ಕರಾವಳಿಯವರ ಅಳಂಬೆಯ ಬಳಗದ್ದೇ. ಗೆದ್ದಲು ತನ್ನ ಗೂಡಿನೊಳಗೆ ಸಾಕುವ ಶಿಲೀಂಧ್ರದಿಂದ ಅದು ಮೇಲೇಳುತ್ತದೆ. ಕೊಡೆಯ ನೆತ್ತಿ ಚೂಪು, ಕಾಂಡ ಬೇರಿನಂತೆ ಆಳಕ್ಕೆ ಇಳಿದಿರುತ್ತದೆ. ಅದನ್ನು ಬಲ್ಲ ಹಳ್ಳಿಯವರಿಂದಲೇ ಕೊಳ್ಳಿ. ಬೆಲೆ ಜಾಸ್ತಿ, ಆದರೂ ಸರಿ. ನೀವೇ ಕಾಡಿಗೆ ಹೋಗಿ ಹುತ್ತ ಒಡೆಯಬೇಡಿ. ಗೂಡು ಹಾಳಾದರೆ ಮುಂದಿನ ವರ್ಷದ ಬೆಳೆಯೂ ಹೋಯಿತು. ಅಭಯಾರಣ್ಯದೊಳಗೆ ಕೀಳುವಂತೆಯೂ ಇಲ್ಲ.

ಮನೆಯಲ್ಲಿ ಯಾರಾದರೂ ಈಗಾಗಲೇ ತಿಂದಿದ್ದರೆ ವಾಂತಿಗೆ ಕಾಯಬೇಡಿ. ಅಮಾನಿಟಾ ವಿಷ ಸಾಮಾನ್ಯವಾಗಿ 6ರಿಂದ 24 ಗಂಟೆ ಸುಮ್ನೆ ಇದ್ದು ಆಮೇಲೆ ಕಾಡುತ್ತದೆ. ನಡುವೆ ಒಂದು ದಿನ ಹುಷಾರಾದಂತೆ ಕಂಡು, ಆಮೇಲೆ ಲಿವರ್ ಕೆಡುತ್ತದೆ. 108ಕ್ಕೆ ಫೋನ್ ಮಾಡಿ. ಉಳಿದ ಅಣಬೆಯನ್ನು ಕಾಗದದಲ್ಲಿ ಸುತ್ತಿ ಆಸ್ಪತ್ರೆಗೆ ಒಯ್ಯಿರಿ.