ಮನೆಯಲ್ಲೇ ಕೂತು ಯುದ್ಧ ಬರೆದವರು

ಇಂಗ್ಲಿಷ್ ಎಂ.ಎ. ಓದುತ್ತಿರುವ ಧಾರವಾಡದ ಓದುಗರೊಬ್ಬರ ಕಾಗದವಿದು. ಉದ್ದವಾಗಿತ್ತು, ಸ್ವಲ್ಪ ಕತ್ತರಿಸಿದ್ದೇನೆ.

“ವಿಕ್ಟೋರಿಯನ್ ಕಾವ್ಯ, ಅಂದರೆ ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲಿಷ್ ಕಾವ್ಯ, ತನ್ನ ಯುಗದ ಕನ್ನಡಿ ಅಂತ ಎಲ್ಲ ಗೈಡುಗಳಲ್ಲೂ ಬರೆದಿರುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಟೆನಿಸನ್ ರಣರಂಗಕ್ಕೆ ಕಾಲಿಡದೆ ಯುದ್ಧದ ಪದ್ಯ ಬರೆದ. ಎಲಿಜಬೆತ್ ಬ್ಯಾರೆಟ್ ಗಣಿಗೆ ಇಳಿಯದೆ ಗಣಿಯ ಮಕ್ಕಳಿಗಾಗಿ ಅತ್ತಳು. ಸಾಲದ್ದಕ್ಕೆ ಆರ್ಥರ್ ರಾಜನ ಕಥೆಗಳು ಬೇರೆ. ಇದು ಯಾವ ಸೀಮೆ ಕನ್ನಡಿ? ಅದೂ ಅಲ್ಲದೆ, ನಮ್ಮನ್ನು ಆಳಿದ ರಾಣಿಯ ಕಾಲದ ಕಾವ್ಯದಲ್ಲಿ ನಾವೆಲ್ಲಿದ್ದೇವೆ?”

ನಿಮ್ಮ ಆಕ್ಷೇಪ ಪೂರ್ತಿ ನಿಜ. ಅದರಿಂದ ನೀವು ತೆಗೆದ ತೀರ್ಮಾನವನ್ನು ಮಾತ್ರ ಒಪ್ಪುವುದು ಕಷ್ಟ. ಆ ಕವಿಗಳು ಮನೆಯಲ್ಲೇ ಕೂತು ಬರೆದರು, ಹೌದು. ಆದರೆ ಸುಮ್ನೆ ಕೂತಿರಲಿಲ್ಲ. ಪತ್ರಿಕೆ ಓದುತ್ತಿದ್ದರು, ಸರ್ಕಾರಿ ವರದಿ ಓದುತ್ತಿದ್ದರು, ಭೂವಿಜ್ಞಾನದ ದಪ್ಪ ಪುಸ್ತಕ ಓದುತ್ತಿದ್ದರು. ದೂರದಲ್ಲಿ ನಡೆದದ್ದನ್ನು ಕೆಲವೇ ವಾರಗಳಲ್ಲಿ ಅಚ್ಚಿನಲ್ಲಿ ಓದಿ ಕಳವಳಪಡುವುದು ಆ ಕಾಲಕ್ಕೆ ಹೊಸ ಅನುಭವ. ಆ ಯುಗ ಕಾವ್ಯದೊಳಗೆ ಬಂದದ್ದೇ ಕಾಗದದ ದಾರಿಯಲ್ಲಿ ಅಂತ ನನ್ನ ಅನಿಸಿಕೆ.

ನೀವು ಹೇಳಿದ ಯುದ್ಧದ ಪದ್ಯ, ‘ದಿ ಚಾರ್ಜ್ ಆಫ್ ದಿ ಲೈಟ್ ಬ್ರಿಗೇಡ್’ ಅನ್ನೇ ತೆಗೆದುಕೊಳ್ಳಿ. 1854ರ ಅಕ್ಟೋಬರ್ 25ರಂದು ಕ್ರಿಮಿಯಾದ ಬಾಲಕ್ಲಾವಾದಲ್ಲಿ ಬ್ರಿಟಿಷ್ ಕುದುರೆಪಡೆಯೊಂದು ತಪ್ಪು ಆದೇಶ ನಂಬಿ ರಷ್ಯದ ಫಿರಂಗಿಗಳ ಬಾಯಿಗೆ ನೇರವಾಗಿ ನುಗ್ಗಿತು. ‘ದಿ ಟೈಮ್ಸ್’ ಪತ್ರಿಕೆಯ ವರದಿಗಾರ ವಿಲಿಯಂ ರಸೆಲ್ ಅಲ್ಲೇ ಇದ್ದ. ಅವನ ವರದಿ ನವೆಂಬರ್ ಮಧ್ಯದಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಆ ಪತ್ರಿಕೆಯ ಸಂಪಾದಕೀಯ ಇದನ್ನು ಭಯಂಕರ ಪ್ರಮಾದ ಅಂತ ಕರೆದಿತ್ತು. ಟೆನಿಸನ್ ಆ ಮಾತನ್ನು ಹಿಡಿದ. ‘ಯಾರೋ ತಪ್ಪು ಮಾಡಿದ್ದರು’ ಅನ್ನುವ ಸಾಲು ಹುಟ್ಟಿದ್ದು ಅಲ್ಲಿಂದ. ಡಿಸೆಂಬರ್ 9ಕ್ಕೆ ‘ದಿ ಎಕ್ಸಾಮಿನರ್’ ವಾರಪತ್ರಿಕೆಯಲ್ಲಿ ಪದ್ಯ ಬಂತು. ಘಟನೆಗೂ ಪದ್ಯಕ್ಕೂ ನಡುವೆ ಆರು ವಾರ ಮಾತ್ರ.

ಇದರ ಮುಂದಿನ ಕಥೆ ಇನ್ನೂ ಚೆನ್ನಾಗಿದೆ. ಮರುವರ್ಷ ಪುಸ್ತಕ ಮಾಡುವಾಗ ಟೆನಿಸನ್ ಆ ‘ತಪ್ಪು’ ಸಾಲನ್ನು ತೆಗೆದುಹಾಕಿದ. ಅವನು ಆಸ್ಥಾನಕವಿ, ಸ್ನೇಹಿತರೂ ಟೀಕಿಸಿದ್ದರು. ಆದರೆ ಕ್ರಿಮಿಯಾದ ಸೈನಿಕರು ಈ ಪದ್ಯ ಬೇಕು ಅಂತ ಆಸೆಪಡುತ್ತಿದ್ದಾರೆ ಅನ್ನುವ ಸುದ್ದಿ ಬಂತು. ಅವರಿಗಾಗಿ ಬಿಡಿ ಹಾಳೆ ಅಚ್ಚು ಹಾಕಿಸಿದಾಗ ಆ ಸಾಲನ್ನು ವಾಪಸ್ ಸೇರಿಸಿದ. ಶೌರ್ಯವನ್ನು ಕೊಂಡಾಡಲೂ ಬೇಕು, ಮೇಲಿನವರ ದಡ್ಡತನವನ್ನು ಮುಚ್ಚಿಡಲೂ ಆಗುತ್ತಿಲ್ಲ. ಒಂದು ಸಾಲಿನ ಈ ಹೋಗಿಬರುವಿಕೆಯಲ್ಲಿ ಇಡೀ ಯುಗದ ಇಕ್ಕಟ್ಟು ಕಾಣುವುದಿಲ್ಲವೇ?

ಇದೇ ಟೆನಿಸನ್ ಸ್ವಂತ ಅನುಭವದಿಂದ ಬರೆದದ್ದು ತಪ್ಪಾಯಿತು ಅನ್ನುವುದು ತಮಾಷೆ. 1830ರಲ್ಲಿ ಲಿವರ್‌ಪೂಲ್‌–ಮ್ಯಾಂಚೆಸ್ಟರ್ ರೈಲು ಹೊಸದಾಗಿ ಶುರುವಾದಾಗ ಅವನು ರಾತ್ರಿ ಹೊತ್ತು ಹತ್ತಿದ. ಕತ್ತಲು, ಜನಜಂಗುಳಿ, ಚಕ್ರ ಕಾಣಲಿಲ್ಲ. ಚಕ್ರಗಳು ನೆಲದಲ್ಲಿ ಕೊರೆದ ತೋಡಿನೊಳಗೆ ಓಡುತ್ತವೆ ಅಂದುಕೊಂಡ. ‘ಲಾಕ್ಸ್‌ಲಿ ಹಾಲ್’ ಪದ್ಯದಲ್ಲಿ ಜಗತ್ತು ಬದಲಾವಣೆಯ ತೋಡುಗಳಲ್ಲಿ ಗುಡುಗುತ್ತಾ ಸಾಗಲಿ ಅಂತ ಬರೆದುಬಿಟ್ಟ. ಕಣ್ಣಾರೆ ಕಂಡವರೇ ಯುಗವನ್ನು ಸರಿಯಾಗಿ ಹಿಡಿಯುತ್ತಾರೆ ಅನ್ನುವ ನಿಮ್ಮ ವಾದಕ್ಕೆ ಇದೊಂದು ಪೆಟ್ಟು.

ಈಗ ಗಣಿಯ ಮಕ್ಕಳು. ಎಲಿಜಬೆತ್ ಬ್ಯಾರೆಟ್ ಆಗ ಕಾಯಿಲೆ ಬಿದ್ದು ಲಂಡನ್ನಿನ ವಿಂಪೋಲ್ ಸ್ಟ್ರೀಟ್ ಮನೆಯ ಕೋಣೆ ಬಿಟ್ಟು ಹೊರಗೆ ಬರುತ್ತಿದ್ದುದೇ ಅಪರೂಪ. ಅವಳ ಗೆಳೆಯ ರಿಚರ್ಡ್ ಹಾರ್ನ್ ಮಕ್ಕಳ ದುಡಿಮೆಯ ಬಗ್ಗೆ ವಿಚಾರಣೆ ನಡೆಸಿದ ಸರ್ಕಾರಿ ಆಯೋಗದಲ್ಲಿ ಸಹಾಯಕ ಕಮಿಷನರ್. ಅವನ ವರದಿ ಓದಿಯೇ ಅವಳು ‘ದಿ ಕ್ರೈ ಆಫ್ ದಿ ಚಿಲ್ಡ್ರನ್’ ಬರೆದಳು. 1843ರ ಆಗಸ್ಟ್‌ನಲ್ಲಿ ‘ಬ್ಲ್ಯಾಕ್‌ವುಡ್ಸ್’ ಪತ್ರಿಕೆಯಲ್ಲಿ ಅಚ್ಚಾಯಿತು. ಅದರಲ್ಲಿ ಮಕ್ಕಳು ಹೇಳುತ್ತಾರೆ: ನಮಗೆ ಪ್ರಾರ್ಥನೆಯ ಎರಡೇ ಪದ ನೆನಪಿದೆ, ‘ನಮ್ಮ ತಂದೆಯೇ’ ಅಂತ. ನಡುರಾತ್ರಿ ಮೇಲೆ ನೋಡಿ ಮೆಲ್ಲಗೆ ಅದನ್ನೇ ಹೇಳಿಕೊಳ್ಳುತ್ತೇವೆ, ಕೆಟ್ಟದ್ದು ಹತ್ತಿರ ಬರದಿರಲಿ ಅಂತ. ಓದುವಾಗ ಕವಯಿತ್ರಿ ಕರುಳು ಹಿಂಡಲು ಕಟ್ಟಿದ ಮಾತು ಅನಿಸುತ್ತದೆ, ಅಲ್ವಾ? ಅಲ್ಲ. ಅವಳೇ ಟಿಪ್ಪಣಿ ಹಾಕಿದ್ದಾಳೆ: ಇದು ಹಾರ್ನ್‌ನ ವರದಿಯಲ್ಲಿರುವ ಸಂಗತಿ. ಪೂರ್ತಿ ಪ್ರಾರ್ಥನೆ ಆ ಮಕ್ಕಳಿಗೆ ಗೊತ್ತೇ ಇರಲಿಲ್ಲ. ಪದ್ಯದ ಮಿಕ್ಕ ಭಾಗದಲ್ಲಿ ಕಣ್ಣೀರು ಸ್ವಲ್ಪ ಜಾಸ್ತಿಯೇ ಆಯಿತು, ಒಪ್ಪುತ್ತೇನೆ. ಆ ಎರಡು ಪದ ಸಾಕು.

ಕನ್ನಡಕ್ಕೂ ಇಂಥದ್ದೊಂದು ಬಂದಿದೆ. ಬಿ.ಎಂ.ಶ್ರೀ ಅವರ ‘ಇಂಗ್ಲಿಷ್ ಗೀತಗಳು’ ಸಂಕಲನದ ‘ದುಃಖಸೇತು’ ಓದಿರುತ್ತೀರಿ. ಮೂಲ ಥಾಮಸ್ ಹುಡ್‌ನದು, 1844ರದ್ದು. ಆ ವರ್ಷ ಲಂಡನ್ ಪತ್ರಿಕೆಗಳಲ್ಲಿ ಮೇರಿ ಫರ್ಲಿ ಎಂಬ ಬಡ ಹೆಂಗಸಿನ ಮೊಕದ್ದಮೆಯದೇ ಸುದ್ದಿ. ಬದುಕಲು ದಾರಿ ಕಾಣದೆ ಮಗುವಿನ ಜೊತೆ ಕಾಲುವೆಗೆ ಹಾರಿದ್ದಳು. ಮಗು ಸತ್ತಿತು, ಅವಳನ್ನು ಎಳೆದು ಉಳಿಸಿದರು. ಉಳಿಸಿ ಗಲ್ಲುಶಿಕ್ಷೆ ಕೊಟ್ಟರು! ಜನ ಗಲಾಟೆ ಎಬ್ಬಿಸಿದ ಮೇಲೆ ಶಿಕ್ಷೆಯನ್ನು ಗಡೀಪಾರಿಗೆ ಇಳಿಸಿದರು. ಹುಡ್‌ನ ಪದ್ಯದಲ್ಲಿ ನೀರಿಗೆ ಬಿದ್ದವಳು ಬದುಕುವುದಿಲ್ಲ. ನೀತಿ ಮಾತಾಡಬೇಡಿ, ಮೆಲ್ಲಗೆ ಎತ್ತಿ ಅನ್ನುತ್ತಾನೆ ಅಷ್ಟೇ.

ನಂಬಿಕೆಯ ಪ್ರಶ್ನೆಗೂ ಇದೇ ಲೆಕ್ಕ. ಟೆನಿಸನ್‌ನ ‘ಇನ್ ಮೆಮೋರಿಯಮ್’ ಡಾರ್ವಿನ್‌ಗೆ ಕೊಟ್ಟ ಉತ್ತರ ಅಂತ ಕೆಲವರು ಪರೀಕ್ಷೆಯಲ್ಲಿ ಬರೆಯುತ್ತಾರೆ. ದಯವಿಟ್ಟು ನೀವು ಬರೆಯಬೇಡಿ. ಆ ಕಾವ್ಯ ಅಚ್ಚಾದದ್ದು 1850ರಲ್ಲಿ, ಡಾರ್ವಿನ್‌ನ ಪುಸ್ತಕ ಬಂದದ್ದು 1859ರಲ್ಲಿ. ಟೆನಿಸನ್ ಓದಿದ್ದು ಚಾರ್ಲ್ಸ್ ಲಯಲ್ ಬರೆದ ಭೂವಿಜ್ಞಾನ. ಪ್ರಾಣದ ಗೆಳೆಯ ಆರ್ಥರ್ ಹ್ಯಾಲಮ್ 1833ರಲ್ಲಿ ವಿಯೆನ್ನಾದಲ್ಲಿ 22ನೇ ವಯಸ್ಸಿಗೇ ತೀರಿಕೊಂಡಿದ್ದ. ಆ ದುಃಖದ ನಡುವೆ ಈ ಓದು. ಒಂದು ಜೀವ ಹೋದರೂ ಪ್ರಕೃತಿ ಜೀವಜಾತಿಯನ್ನಾದರೂ ಕಾಪಾಡುತ್ತದೆ ಅಂತ ಸಮಾಧಾನ ಮಾಡಿಕೊಳ್ಳಲು ನೋಡುತ್ತಾನೆ. ಮುಂದಿನ ಭಾಗದಲ್ಲೇ ಕಡಿದ ಬಂಡೆ, ಅಗೆದ ಕಲ್ಲುಗಳಿಂದ ಪ್ರಕೃತಿ ಕೂಗುತ್ತದೆ: ಸಾವಿರ ಜೀವಜಾತಿಗಳು ಅಳಿದಿವೆ, ನನಗೆ ಯಾವುದರ ಚಿಂತೆಯೂ ಇಲ್ಲ. ಮುಂದೆ ಗಂಡನನ್ನು ಕಳೆದುಕೊಂಡ ವಿಕ್ಟೋರಿಯಾ ರಾಣಿಗೆ ಬೈಬಲ್ ಬಿಟ್ಟರೆ ಇದೇ ಕಾವ್ಯ ಆಸರೆಯಾಯಿತಂತೆ. ಆ ಬಂಡೆಯ ಮಾತನ್ನು ಅವಳು ಹೇಗೆ ಓದಿಕೊಂಡಳೋ!

ಆರ್ಥರ್ ರಾಜನ ವಿಷಯದಲ್ಲಿ ನಾನೂ ನಿಮ್ಮ ಕಡೆಯೇ. ಟೆನಿಸನ್ ಬರೆದ ಆ ಕಥೆಗಳಲ್ಲಿ ಕಿರೀಟ ಇಟ್ಟುಕೊಂಡು ಓಡಾಡುವವನು ರಾಣಿಯ ಗಂಡ ಆಲ್ಬರ್ಟ್ ಅಂತ ಅದೇ ಕಾಲದ ಕವಿ ಸ್ವಿನ್‌ಬರ್ನ್ ಆಗಲೇ ಗೇಲಿ ಮಾಡಿದ್ದ.

ಇನ್ನು ನಾವೆಲ್ಲಿ ಅನ್ನುವ ಪ್ರಶ್ನೆ. 1876–78ರಲ್ಲಿ ನಮ್ಮ ಸೀಮೆಯಲ್ಲಿ ಧಾತು–ಈಶ್ವರ ಸಂವತ್ಸರಗಳ ಬರ. ಮೈಸೂರು, ಬಳ್ಳಾರಿ, ಮದ್ರಾಸ್ ಕಡೆ ಜನ ಲಕ್ಷಗಟ್ಟಲೆ ಸತ್ತರು. ಅದರ ನಡುವೆಯೇ 1877ರ ಜನವರಿ 1ರಂದು ದೆಹಲಿಯಲ್ಲಿ ದರ್ಬಾರು ನಡೆಸಿ ವಿಕ್ಟೋರಿಯಾ ಭಾರತದ ಚಕ್ರವರ್ತಿನಿ ಅಂತ ಸಾರಿದರು. ಬರದ ಸುದ್ದಿ ಲಂಡನ್ ಮುಟ್ಟಲಿಲ್ಲವೇ? ಮುಟ್ಟಿತು. ಸಚಿತ್ರ ಪತ್ರಿಕೆಗಳು ಎಲುಬು ಕಾಣುವ ಜನರ ಚಿತ್ರ ಹಾಕಿದವು, ಲಂಡನ್ ಮೇಯರ್ ನಿಧಿ ಎತ್ತಿದ. 1879ರಲ್ಲಿ ಟೆನಿಸನ್ ಭಾರತದ ಮೇಲೆ ಪದ್ಯವನ್ನೇನೋ ಬರೆದ, 1857ರ ಲಕ್ನೋ ಮುತ್ತಿಗೆಯ ಬಗ್ಗೆ. ಇಪ್ಪತ್ತೆರಡು ವರ್ಷ ಹಳೆಯ ಕಥೆ. ಪ್ರತಿ ಚರಣದ ಕೊನೆಗೂ ಛಾವಣಿಯ ಮೇಲೆ ಇಂಗ್ಲೆಂಡಿನ ಬಾವುಟ ಹಾರುತ್ತದೆ. ಬ್ರಿಟಿಷರ ಪರ ಕಾದಾಡಿದ ಸಿಪಾಯಿಗಳಿಗೆ ‘ಕಪ್ಪು ಮುಖಕ್ಕೂ ಅದರ ಪಾಲು ಸಲ್ಲಲಿ’ ಅಂತ ಒಂದು ಮೆಚ್ಚುಗೆ. ಬಾಲಕ್ಲಾವಾದ ಘಟನೆಗೆ ಆರು ವಾರದಲ್ಲಿ ಪದ್ಯ ಕಟ್ಟಿದ ಕೈ ಇದು. ಓದಿದ್ದರಲ್ಲಿ ಯಾವುದಕ್ಕೆ ಪದ್ಯ, ಯಾವುದಕ್ಕೆ ಬರೀ ಚಂದಾ ಅನ್ನುವುದನ್ನೂ ಆ ಯುಗವೇ ತೀರ್ಮಾನಿಸಿತ್ತು. ಗೈಡುಗಳು ಕನ್ನಡಿ ಅನ್ನುವಾಗ ಇದನ್ನು ಬಿಟ್ಟುಬಿಡುತ್ತವೆ. ನಿಮ್ಮ ಸಿಟ್ಟು ಇಲ್ಲಿ ನ್ಯಾಯವಾದದ್ದು.

ಎಲ್ಲಿಂದ ಶುರು ಮಾಡಲಿ ಅಂತಲೂ ಕೇಳಿದ್ದೀರಿ. ‘ಇನ್ ಮೆಮೋರಿಯಮ್’ ಇಡೀ ಬೇಡ, 54ರಿಂದ 56ರವರೆಗಿನ ಭಾಗ ಸಾಕು. ಕುದುರೆಪಡೆಯ ಪದ್ಯವನ್ನು ಟೆನಿಸನ್‌ನೇ ಓದಿದ 1890ರ ಮೇಣದ ಸಿಲಿಂಡರ್ ಧ್ವನಿಮುದ್ರಣ ಇದೆ. ಗೊರಗೊರ ಜಾಸ್ತಿ, ಆದರೆ ಲಯ ಕೇಳಿಸುತ್ತದೆ. ಎಲಿಜಬೆತ್ ಬ್ಯಾರೆಟ್ ಪದ್ಯಕ್ಕೆ ಅವಳ ಟಿಪ್ಪಣಿ ಇರುವ ಆವೃತ್ತಿಯನ್ನೇ ಹುಡುಕಿ. ಎಷ್ಟೋ ಸಂಕಲನಗಳು ಅದನ್ನು ಕೈಬಿಟ್ಟಿವೆ.