ಕೈ ಸವೆಸಿದ ಜಾಗಕ್ಕೆ ಬೆಳಕು ಬಿಡಿ: ಓದುಗರ ಫೋಟೋ ಪ್ರಶ್ನೆಗಳು

ಹೋದ ಸಲ ಕೊನೇಲಿ ಸುಮ್ನೆ ಒಂದು ಸಾಲು ಬರೆದಿದ್ದೆ, ಹೂವು ಹಕ್ಕಿ ಸೂರ್ಯಾಸ್ತ ಸಾಕು, ಒಂದ್ಸಲ ಸುತ್ತಿಗೆ ಫೋಟೋ ತೆಗೆದು ನೋಡಿ ಅಂತ. ಅದಕ್ಕೆ ಇಷ್ಟು ಪ್ರಶ್ನೆ ಬರತ್ತೆ ಅಂತ ಗೊತ್ತಿದ್ರೆ ಇನ್ನೆರಡು ಸಾಲು ಅಲ್ಲೇ ಬರೀತಿದ್ದೆ. ಒಂದೇ ತರದ ಪ್ರಶ್ನೆಗಳನ್ನ ಸೇರಿಸಿ ಒಂದು ಮಾಡಿದೀನಿ. ಯಾವ ಕ್ಯಾಮೆರಾ ತಗೊಳ್ಳಲಿ ಅನ್ನೋ ಪ್ರಶ್ನೆಗಳನ್ನ ಮಾತ್ರ ಪಕ್ಕಕ್ಕಿಟ್ಟಿದೀನಿ, ಬೇಜಾರಾಗ್ಬೇಡಿ, ಈ ಕೆಲಸಕ್ಕೆ ಜೇಬಲ್ಲಿರೋ ಫೋನೇ ಧಾರಾಳ ಸಾಕು.

ಪ್ರಶ್ನೆ: ಸ್ಪ್ಯಾನರ್, ಇಕ್ಕಳ, ಕತ್ತರಿ ಏನೇ ತೆಗೆದ್ರೂ ಒಂದು ಕಡೆ ಬೆಳ್ಳಗೆ ಸುಟ್ಟುಹೋಗಿರತ್ತೆ, ಇನ್ನೊಂದು ಕಡೆ ಕಾಡಿಗೆ ತರ ಕಪ್ಪು, ಮಧ್ಯದಲ್ಲಿ ನನ್ನದೇ ಮುಖ. ಫ್ಲ್ಯಾಷ್ ಹಾಕಿದ್ರೆ ಇನ್ನೂ ಕೆಡತ್ತೆ. ಲೆನ್ಸ್ ಮುಂದೆ ಹಾಕ್ತಾರಲ್ಲ, ಹೊಳಪು ಇಳಿಸೋ ಪೋಲರೈಸರ್ ಫಿಲ್ಟರ್, ಅದನ್ನ ತಗೊಂಡ್ರೆ ಸರಿ ಹೋಗತ್ತಾ?

ಉತ್ತರ: ಇದಕ್ಕಂತ ತಗೋಬೇಡಿ. ನೀರು, ಗಾಜು, ಪೇಂಟು, ವಾರ್ನಿಶ್ ಹೊಡೆದ ಮರ, ಇಂಥವುಗಳ ಮೇಲಿನ ಹೊಳಪನ್ನ ಪೋಲರೈಸರ್ ಇಳಿಸತ್ತೆ, ಅದೂ ಓರೆಯಾಗಿ, ಮೇಲ್ಮೈಗೆ ಸುಮಾರು 35 ಡಿಗ್ರಿ ಕೋನದಲ್ಲಿ ನೋಡಿದಾಗ ಚೆನ್ನಾಗಿ ಇಳಿಸತ್ತೆ. ಬರೀ ಲೋಹದ ಹೊಳಪಿನ ಹತ್ರ ಅದರ ಆಟ ನಡೆಯಲ್ಲ, ಯಾಕಂದ್ರೆ ಲೋಹದಿಂದ ವಾಪಸ್ ಬರೋ ಬೆಳಕು ಆ ರೀತಿ ಪೋಲರೈಸ್ ಆಗಿರಲ್ಲ, ಅಂದ್ರೆ ಒಂದೇ ದಿಕ್ಕಲ್ಲಿ ಕಂಪಿಸ್ತಿರಲ್ಲ.

ಪಾಲಿಶ್ ಆದ ಸ್ಟೀಲು ಅಂದ್ರೆ ಕನ್ನಡಿ ಅಂತಲೇ ತಿಳ್ಕೊಳ್ಳಿ. ಅದರ ಎದುರಿಗೆ ಏನಿದೆಯೋ ಅದೇ ಅದರ ಬಣ್ಣ. ಎದುರಿಗೆ ಒಂದು ಸಣ್ಣ ಬಲ್ಬ್ ಇದ್ರೆ ಸ್ಪ್ಯಾನರ್ ಮೇಲೂ ಒಂದು ಸಣ್ಣ ಬಿಳಿ ಚುಕ್ಕೆ, ಸುತ್ತ ಕತ್ತಲೆ ರೂಮಿದ್ರೆ ಉಳಿದಿದ್ದೆಲ್ಲ ಕತ್ತಲೆ, ಕ್ಯಾಮೆರಾ ಹಿಂದೆ ನೀವಿದ್ರೆ ನೀವು. ಫ್ಲ್ಯಾಷ್ ಹಾಕೋದು ಅಂದ್ರೆ ಆ ಬಿಳಿ ಚುಕ್ಕೆನ ಇನ್ನಷ್ಟು ಜೋರು ಮಾಡೋದು, ಅಷ್ಟೆ. ಹಾಗಾಗಿ ಲೋಹದ ಫೋಟೋ ತೆಗೀವಾಗ ನಾವು ನಿಜವಾಗಿ ತೆಗೀತಿರೋದು ಲೋಹದ ಎದುರಿಗಿರೋ ವಸ್ತುವಿನ ಫೋಟೋ. ಅಲ್ಲಿ ಏನಿಡ್ಬೇಕು ಅನ್ನೋದನ್ನ ನೀವೇ ತೀರ್ಮಾನ ಮಾಡ್ಬೇಕು.

ಒಂದು ದೊಡ್ಡ ಟ್ರೇಸಿಂಗ್ ಪೇಪರ್ ಅಥವಾ ತೆಳು ಬಿಳಿ ಬಟ್ಟೆ ತಗೊಂಡು ಉಪಕರಣದಿಂದ ಒಂದಡಿ ದೂರದಲ್ಲಿ ನಿಲ್ಲಿಸಿ, ಅದರ ಹಿಂದಿನಿಂದ ಲೈಟ್ ಬಿಡಿ, ಕಿಟಕಿ ಬೆಳಕಾದ್ರೂ ಆಗತ್ತೆ. ಈಗ ಇಡೀ ಪೇಪರೇ ಬೆಳಕಿನ ಮೂಲ ಆಯ್ತು. ಆಮೇಲೆ ಬಹಳ ಜನ ಬಿಟ್ಟುಬಿಡೋ ಒಂದು ಕೆಲಸ ಮಾಡಿ: ಕ್ಯಾಮೆರಾ ಇರೋ ಜಾಗದಲ್ಲಿ ಕಣ್ಣಿಟ್ಟು, ಇನ್ನೊಬ್ಬರ ಕೈಲಿ ಆ ಪೇಪರನ್ನ ಮೆಲ್ಲಗೆ ಆ ಕಡೆ ಈ ಕಡೆ ಸರಿಸಿ ನೋಡಿ. ಒಂದು ಜಾಗ ಬರತ್ತೆ, ಅಲ್ಲಿಗೆ ಬಂದ ತಕ್ಷಣ ಸ್ಟೀಲು ತಟ್ಟನೆ ಬೆಳ್ಳಿ ತರ ಒಂದೇ ಸಮ ಬೆಳಗತ್ತೆ. ಬೆಳಕು ಬಿದ್ದ ಕೋನದಲ್ಲೇ ವಾಪಸ್ ಬರತ್ತೆ ಅಂತ ಶಾಲೇಲಿ ಓದಿದ್ದು ಇಲ್ಲಿ ಕೆಲಸಕ್ಕೆ ಬರೋದು. ಆದ್ರೆ ಪೂರ್ತಿ ಬಿಳಿ ಆಗೋಕೆ ಬಿಟ್ರೆ ಸ್ಪ್ಯಾನರ್ ಕಾಗದ ಕತ್ತರಿಸಿ ಅಂಟಿಸಿದ ಹಾಗೆ ಕಾಣತ್ತೆ, ಅದಕ್ಕೆ ಒಂದು ಕಪ್ಪು ರಟ್ಟಿನ ಪಟ್ಟಿನ ಪಕ್ಕದಲ್ಲಿ ಹಿಡೀರಿ. ಅಂಚಿನ ಉದ್ದಕ್ಕೂ ಒಂದು ಕಪ್ಪು ಗೆರೆ ಹರೀತು ಅಂದ್ರೆ ಆಕಾರ ಎದ್ದು ಬಂತು ಅಂತ ಅರ್ಥ. ಆ ಪಟ್ಟಿನ ಅರ್ಧ ಇಂಚು ಸರಿಸೋದರಲ್ಲೇ ನಾನು ಒಂದೊಂದ್ಸಲ ಇಡೀ ಬೆಳಗ್ಗೆ ಕಳೀತೀನಿ, ಸುಳ್ಳಲ್ಲ.

ಇನ್ನೊಂದು ಮಾತು, ಕಪ್ಪು ಶರ್ಟ್ ಹಾಕ್ಕೊಳ್ಳಿ. ಒಂದ್ಸಲ ಹೊಸಾ ಕರಣೆ ಫೋಟೋ ತೆಗೆದು ದೊಡ್ಡದಾಗಿ ಪ್ರಿಂಟ್ ಹಾಕಿಸಿದ ಮೇಲೆ ನೋಡ್ತೀನಿ, ಅದರ ಅಲಗಿನ ತುಂಬಾ ನನ್ನ ಚೌಕುಳಿ ಶರ್ಟಿನ ಡಿಸೈನು.

ಪ್ರಶ್ನೆ: ಹಳೇ ಹತ್ತರಿ ಒಂದು ಸಿಕ್ಕಿದೆ, ಮರ ಕೀಸೋದು. ತುಕ್ಕು ಹಿಡಿದಿದೆ, ಮರ ಕಪ್ಪಾಗಿದೆ. ಉಜ್ಜಿ ಎಣ್ಣೆ ಹಾಕಿ ಹೊಸದರ ತರ ಮಾಡಿ ಆಮೇಲೆ ಫೋಟೋ ತೆಗೀಲಾ?

ಉತ್ತರ: ಅಯ್ಯೋ ಬೇಡ ಮಾರಾಯ್ರೆ! ಮೊದ್ಲು ಫೋಟೋ. ಮೆತ್ತನೆ ಬ್ರಷ್ಷಲ್ಲಿ ಧೂಳು ಜಾಡಿಸಿ, ಅಷ್ಟು ಸಾಕು. ಮರ ಕಪ್ಪಾಗಿರೋದು ಬರೀ ಕೊಳೆ ಅಲ್ಲ, ವರ್ಷಗಟ್ಟಲೆ ಬೆವರು, ಎಣ್ಣೆ, ಕೈಯ ಉಜ್ಜಾಟ ಎಲ್ಲ ಸೇರಿ ಆದದ್ದು, ಒಂದು ಸಲ ಉಪ್ಪುಕಾಗದ ಹಾಕಿದ್ರೆ ಹೋಯ್ತು, ಮತ್ತೆ ತರೋಕಾಗಲ್ಲ. ನಿಮ್ಮ ಹತ್ತರಿನ ಕೆಲಸಕ್ಕೆ ಹಿಡಿಯೋ ಹಾಗೆ ಒಂದ್ಸಲ ಹಿಡ್ಕೊಂಡು ನೋಡಿ, ಹೆಬ್ಬೆರಳು ಬಂದು ಕೂರೋ ಕಡೆ ಒಂದು ಸಣ್ಣ ಹಳ್ಳ ಸಿಗಬಹುದು. ಸಿಕ್ಕಿದ್ರೆ ನಿಮ್ಮ ಫೋಟೋ ಅಲ್ಲಿದೆ. ಅಲಗಿನ ಮೇಲಲ್ಲ.

ಆ ಹಳ್ಳ ಕಾಣಬೇಕು ಅಂದ್ರೆ ಬೆಳಕು ಮೇಲಿಂದ ಬೀಳಬಾರದು, ಎದುರಿಂದಲೂ ಬೇಡ. ಟೇಬಲ್ ಮಟ್ಟದಲ್ಲಿ, ಮರವನ್ನ ಸವರಿಕೊಂಡು ಹೋಗೋ ಹಾಗೆ ಪಕ್ಕದಿಂದ ಬರಬೇಕು. ಸಂಜೆ ಬಿಸಿಲಲ್ಲಿ ಬಯಲಿನ ತಗ್ಗುದಿಬ್ಬ ಎಲ್ಲ ಎದ್ದು ಕಾಣಲ್ವಾ, ಅದೇ ಲೆಕ್ಕ. ರೂಮಿನ ಲೈಟ್ ಆರಿಸಿ ಒಂದೇ ಒಂದು ಟಾರ್ಚ್ ತಗೊಂಡು ಸುತ್ತಾ ತಿರುಗಿಸಿ ನೋಡಿ, ಸುತ್ತಿಗೆ ಮೇಲೆ ಹೊಡೆದಿರೋ ಅಚ್ಚು, ಯಾರೋ ಕೆತ್ತಿದ ಎರಡಕ್ಷರ, ಅರದ ಹಲ್ಲು, ನೀವು ಅಲ್ಲೀತನಕ ನೋಡೇ ಇಲ್ಲದ್ದು ಎದ್ದು ಬರತ್ತೆ. ತುಕ್ಕಿನ ಬಣ್ಣ ಸರಿಯಾಗಿ ಬರಬೇಕಾದ್ರೆ ಕಿಟಕಿ ಬೆಳಕು ಮತ್ತು ಬಲ್ಬು ಎರಡನ್ನೂ ಬೆರೆಸಬೇಡಿ, ಒಂದು ಕಡೆ ನೀಲಿ ಒಂದು ಕಡೆ ಹಳದಿ ಆಗಿ, ಆಮೇಲೆ ಯಾವ ಎಡಿಟಿಂಗಲ್ಲೂ ಸುಲಭಕ್ಕೆ ಸರಿ ಹೋಗಲ್ಲ.

ಪ್ರಶ್ನೆ: ಫೋನಲ್ಲಿ ತೆಗೆದ್ರೆ ಸುತ್ತಿಗೆ ತಲೆ ಕುಂಬಳಕಾಯಿ, ಹಿಡಿ ಕಡ್ಡಿ. ನನ್ನ ಫೋನೇ ಸರಿ ಇಲ್ವಾ?

ಉತ್ತರ: ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಫೋನ್ ಸರಿಯಾಗೇ ಇದೆ, ನೀವು ತೀರಾ ಹತ್ರ ಹೋಗಿದೀರಿ. ಫೋನಿನ ಮುಖ್ಯ ಲೆನ್ಸ್ ಸಾಮಾನ್ಯವಾಗಿ ಹಳೇ 35 ಎಂಎಂ ಫಿಲ್ಮ್ ಲೆಕ್ಕದಲ್ಲಿ 24ರಿಂದ 26 ಎಂಎಂ ಆಸುಪಾಸು ಇರತ್ತೆ, ಅಗಲ ನೋಟದ್ದು, ಹಾಗಾಗಿ ಸುತ್ತಿಗೆ ಚೌಕಟ್ಟು ತುಂಬಲಿ ಅಂತ ನಾವು ಮೂಗು ತಾಗಿಸೋ ಅಷ್ಟು ಹತ್ರ ಹೋಗ್ತೀವಿ, ಆಗ ಹತ್ರ ಇರೋದು ಉಬ್ಬತ್ತೆ ದೂರ ಇರೋದು ಕುಗ್ಗತ್ತೆ. ಲೆನ್ಸಿಗಿಂತ ದೂರದ ತಪ್ಪು ಇದು. ಎರಡು ಹೆಜ್ಜೆ ಹಿಂದೆ ಸರಿದು 2 ಪಟ್ಟು ಝೂಮ್ ಹಾಕಿ, ದೂರದ್ದನ್ನ ಹತ್ರ ತೋರಿಸೋ ಟೆಲಿ ಲೆನ್ಸ್ ಬೇರೆ ಇದ್ರೆ ಅದನ್ನೇ ಬಳಸಿ. ಮೇಲಿಂದ ನೇರ ತೆಗೀವಾಗ ಫೋನು ಟೇಬಲ್ಲಿಗೆ ಸಮಾನಾಂತರ ಇರ್ಬೇಕು, ಇಲ್ಲಾಂದ್ರೆ ಗರಗಸ ಒಂದು ತುದಿ ಕಡೆ ಚೂಪಾಗಿಬಿಡತ್ತೆ.

ಪ್ರಶ್ನೆ: ಬಿಳಿ ಹಾಳೆ ಮೇಲಿಟ್ಟು ತೆಗೆದ್ರೆ ಹಾಳೆ ಬೂದಿ ಬಣ್ಣ ಬರತ್ತೆ, ಕಪ್ಪು ಬಟ್ಟೆ ಮೇಲಿಟ್ರೆ ಅದೂ ಬೂದಿ!

ಉತ್ತರ: ಕ್ಯಾಮೆರಾದೊಳಗೆ ಬೆಳಕು ಅಳೆಯೋ ಮೀಟರಿಗೆ ಎದುರಿಗಿರೋದು ಹಾಳೆಯೋ ಬಟ್ಟೆಯೋ ಗೊತ್ತಿಲ್ಲ, ಏನೇ ತೋರಿಸಿದ್ರೂ ಅದನ್ನ ನಡುಮಟ್ಟದ ಬೂದಿಗೆ ತಂದು ನಿಲ್ಲಿಸೋಕೆ ನೋಡತ್ತೆ, ಸುಮಾರು 18 ಶೇಕಡಾ ಬೆಳಕು ವಾಪಸ್ ಕಳಿಸೋ ಬೂದಿ ಅಂತ ಹಳಬರ ಲೆಕ್ಕ. ಬಿಳಿ ಹಿನ್ನೆಲೆಗೆ ಎಕ್ಸ್‌ಪೋಷರ್ ಒಂದು ಒಂದೂವರೆ ಸ್ಟಾಪ್ ಏರಿಸಿ, ಕಪ್ಪಿಗೆ ಒಂದು ಇಳಿಸಿ (ಒಂದು ಸ್ಟಾಪ್ ಏರಿಸಿದ್ರೆ ಬೆಳಕು ಎರಡರಷ್ಟು, ಇಳಿಸಿದ್ರೆ ಅರ್ಧ). ನನ್ನನ್ನ ಕೇಳಿದ್ರೆ ಎರಡೂ ಬೇಡ, ಬೂದಿ ಬಣ್ಣದ ಹಾಳೆಯೇ ಚೆಂದ, ಕಬ್ಬಿಣದ ಕಪ್ಪೂ ಉಳಿಯತ್ತೆ ಅಂಚಿನ ಹೊಳಪೂ ಉಳಿಯತ್ತೆ. ಹಳೇ ಹಲಗೆ, ಗೋಣಿಚೀಲ, ಒಣಗಿದ ಹೂವು ಇಟ್ಟು ಅಲಂಕಾರ ಮಾಡೋದನ್ನ ಮಾತ್ರ ದಯವಿಟ್ಟು ನಿಲ್ಲಿಸಿ.

ಪ್ರಶ್ನೆ: ನೆರಳು ಪೂರ್ತಿ ಹೋಗಿಸೋದು ಹೇಗೆ?

ಉತ್ತರ: ಒಂದು ಗಾಜಿನ ಹಲಗೆನ ಹಿನ್ನೆಲೆಯಿಂದ ಒಂದಡಿ ಮೇಲೆ ನಾಲ್ಕು ಡಬ್ಬಿ ಮೇಲೆ ಕೂರಿಸಿ, ವಸ್ತುನ ಅದರ ಮೇಲಿಡಿ, ನೆರಳು ಚೌಕಟ್ಟಿನ ಆಚೆಗೆ ಬೀಳತ್ತೆ. ಆದ್ರೆ ಯಾಕೆ ಹೋಗಿಸ್ತೀರಿ ಅಂತ? 1928ರಲ್ಲಿ ಆಂಡ್ರೆ ಕೆರ್ಟೆಸ್ ಅನ್ನೋ ಫೋಟೋಗ್ರಾಫರ್ ತಟ್ಟೆಯ ಅಂಚಿಗೆ ಒರಗಿಸಿದ ಒಂದು ಫೋರ್ಕಿನ ಫೋಟೋ ತೆಗೆದ, ಅಷ್ಟೆ, ಫೋರ್ಕು, ತಟ್ಟೆ ಅಂಚು, ನೆರಳು. ಅದರಿಂದ ನೆರಳು ತೆಗೆದುಬಿಟ್ರೆ ಉಳಿಯೋದು ಅಂಗಡಿ ಕ್ಯಾಟಲಾಗ್.

ಪ್ರಶ್ನೆ: ಫೋಟೋ ಗುಂಪಲ್ಲಿ ನನ್ನ ಇಕ್ಕಳದ ಫೋಟೋ ಹಾಕಿದ್ದಕ್ಕೆ ನಕ್ಕರು. ಇದೂ ಒಂದು ಫೋಟೋಗ್ರಫಿನಾ ಅಂತ.

ಉತ್ತರ: ನಗಲಿ ಬಿಡಿ. 1955ರ ಜುಲೈನಲ್ಲಿ ಅಮೆರಿಕದ ಫಾರ್ಚ್ಯೂನ್ ಪತ್ರಿಕೇಲಿ ವಾಕರ್ ಇವಾನ್ಸ್ ಅನ್ನೋ ದೊಡ್ಡ ಫೋಟೋಗ್ರಾಫರ್ ಇಕ್ಕಳ, ತಗಡು ಕತ್ತರಿ, ಕರಣೆ, ಸ್ಪ್ಯಾನರ್, ಇಂಥ ಅಂಗಡೀಲಿ ಸಿಗೋ ಮಾಮೂಲಿ ಉಪಕರಣಗಳನ್ನ ಒಂದೊಂದು ಪುಟಕ್ಕೆ ಒಂದೊಂದರಂತೆ ತೋರಿಸಿದ, ತಿಳಿ ಹಿನ್ನೆಲೆ, ಪಕ್ಕದಲ್ಲಿ ಏನೂ ಇಲ್ಲ. ಬಡ ರೈತ ಕುಟುಂಬಗಳ ಮುಖಗಳನ್ನ ತೆಗೆದು ಹೆಸರಾದ ಮನುಷ್ಯ, ಇಕ್ಕಳಕ್ಕೂ ಅದೇ ಮರ್ಯಾದೆ ಕೊಟ್ಟ. ಅದಕ್ಕೂ ಮುಂಚೆ 1920ರ ದಶಕದಲ್ಲಿ ಜರ್ಮನಿಯ ಆಲ್ಬರ್ಟ್ ರೆಂಗರ್ ಪಾಟ್ಷ್, ಶೂ ತಯಾರಿಸೋ ಕೆಲಸದ ಇಸ್ತ್ರಿ ಕಬ್ಬಿಣಗಳನ್ನ ಸಾಲಾಗಿ ನಿಲ್ಲಿಸಿ ತೆಗೆದಿದಾನೆ, ನೋಡಿದ್ರೆ ಸಿಪಾಯಿಗಳು ನಿಂತ ಹಾಗೆ. 1970ರ ದಶಕದ ಕೊನೆಗೆ ಜಾನ್ ಗ್ರೂವರ್ ಅನ್ನೋ ಹೆಣ್ಮಗಳು ಅಡುಗೆಮನೆ ಸಿಂಕಿನಲ್ಲಿದ್ದ ಚಾಕು, ಫೋರ್ಕು, ಚಮಚಗಳನ್ನೇ ಕಲರಲ್ಲಿ ತೆಗೆದು ಕಲಾ ಲೋಕದ ಕಣ್ಣು ತನ್ನ ಕಡೆ ತಿರುಗಿಸಿಕೊಂಡಳು. ಸಿಂಕಿನಲ್ಲಿ! ಮತ್ತೆ ಎಡ್ವರ್ಡ್ ವೆಸ್ಟನ್ನನ 1930ರ ಆ ಪ್ರಸಿದ್ಧ ದೊಣ್ಣೆಮೆಣಸಿನಕಾಯಿ ಫೋಟೋ ಇದೆಯಲ್ಲ, ಅದರ ಸುತ್ತ ಇರೋ ಆ ಮಾಯದ ಕತ್ತಲೆ ಏನು ಗೊತ್ತಾ, ಒಂದು ತಗಡಿನ ಆಲಿಕೆ, ಮೆಣಸಿನಕಾಯಿನ ಅದರ ಬಾಯೊಳಗೆ ಇಟ್ಟು ತೆಗೆದಿದ್ದು. ಹೆಸರು ಮೆಣಸಿನಕಾಯಿಗೆ ಹೋಯ್ತು, ಕೆಲಸ ಮಾಡಿದ್ದು ಆಲಿಕೆ. ನನಗಂತೂ ಅದು ಆಲಿಕೆಯ ಫೋಟೋನೇ.

ಪ್ರಶ್ನೆ: ಉಪಕರಣ ಸುಮ್ನೆ ಬಿದ್ದಿರೋದಕ್ಕಿಂತ ಕೆಲಸ ಮಾಡ್ತಿರೋವಾಗ ತೆಗೀಬೇಕು ಅಂತ ಆಸೆ. ಶಟರ್ ಸ್ಪೀಡ್ ಎಷ್ಟು?

ಉತ್ತರ: ಸುತ್ತಿಗೆ ಗಾಳೀಲಿ ನಿಲ್ಲಬೇಕು ಅಂದ್ರೆ 1/1000 ಸೆಕೆಂಡ್ ಹತ್ರ ಹೋಗಿ, ಕೈ ಸ್ವಲ್ಪ ಮಸುಕಾಗಿ ವೇಗ ಕಾಣಲಿ ಅಂದ್ರೆ 1/30 ಇಟ್ಟು ನೋಡಿ. ಸಾಣೆ ಹಿಡಿಯೋವಾಗ ಕಿಡಿ ಗೆರೆ ಗೆರೆಯಾಗಿ ಬರೋದೂ ಇಂಥ ನಿಧಾನ ಶಟರಲ್ಲೇ. ಕಿಡಿ ಹಾರೋ ದಿಕ್ಕಲ್ಲಿ ನಿಲ್ಲಬೇಡಿ, ಲೆನ್ಸಿನ ಗಾಜಿಗೆ ಕಚ್ಕೊಂಡು ಕೂತ್ರೆ ಬಿಡಲ್ಲ, ಕಣ್ಣಂತೂ ಕೇಳೋದೇ ಬೇಡ. ಕೆಲಸ ಮಾಡೋರನ್ನ ಕೇಳಿ ತೆಗೀರಿ, ಆದ್ರೆ ಪೋಸ್ ಕೊಡಿಸಬೇಡಿ. ಪೋಸ್ ಕೊಟ್ಟ ಕೈ ಉಳಿನ ಪೆನ್ನಿನ ಹಾಗೆ ಹಿಡ್ಕೊಳ್ಳತ್ತೆ, ಬಡಗಿ ಆದ ಯಾರಾದ್ರೂ ನೋಡಿದ್ರೆ ಒಂದೇ ಸೆಕೆಂಡಲ್ಲಿ ಕಂಡುಹಿಡೀತಾರೆ. ಹತ್ತು ನಿಮಿಷ ಕ್ಯಾಮೆರಾ ಇಳಿಸಿ ಸುಮ್ನೆ ನೋಡ್ತಾ ಕೂತ್ಕೊಳ್ಳಿ, ಎಲ್ಲಿ ಕೈ ನಿಲ್ಲತ್ತೆ, ಎಲ್ಲಿ ಹಿಡಿತ ಬದಲಾಗತ್ತೆ ಅಂತ ಗೊತ್ತಾದ ಮೇಲೆ ಕ್ಯಾಮೆರಾ ಎತ್ತಿ.

ಪ್ರಶ್ನೆ: ಅಜ್ಜ ಬಡಗಿ ಆಗಿದ್ರು. ಅವರ ಪೆಟ್ಟಿಗೇಲಿ ಉಳಿ, ಬಾಚಿ, ಬೈರಿಗೆ, ಅರ ಎಲ್ಲ ಸೇರಿ ನಲವತ್ತರ ಹತ್ರ ಇದಾವೆ. ಎಲ್ಲವನ್ನೂ ಫೋಟೋ ತೆಗೆದು ಇಡ್ಬೇಕು ಅಂತಿದೀನಿ. ಹೇಗೆ ಶುರು ಮಾಡ್ಲಿ?

ಉತ್ತರ: ಪೆಟ್ಟಿಗೆ ಮುಚ್ಚಳ ತೆಗೆದ ತಕ್ಷಣ, ಏನನ್ನೂ ಮುಟ್ಟೋಕೆ ಮುಂಚೆ, ಅದು ಇದ್ದ ಹಾಗೇ ಒಂದು ಫೋಟೋ. ಯಾವುದು ಕೈಗೆ ಹತ್ರ ಇತ್ತು, ಯಾವುದು ಅಡಿಗೆ ಹೋಗಿತ್ತು ಅನ್ನೋದು ಅಲ್ಲಿ ಮಾತ್ರ ಸಿಗತ್ತೆ, ಒಂದ್ಸಲ ಹೊರಗೆ ಹರಡಿದ್ರೆ ಆ ಮಾಹಿತಿ ಹೋಯ್ತು.

ಆಮೇಲೆ ನಲವತ್ತಕ್ಕೂ ಒಂದೇ ಸೆಟಪ್. ಟ್ರೈಪಾಡ್ ಅಲ್ಲಾಡಬಾರದು, ಲೈಟ್ ಜಾಗ ಬದಲಾಗಬಾರದು, ಎಕ್ಸ್‌ಪೋಷರ್ ಮತ್ತು ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ಎರಡೂ ಲಾಕ್, ಪ್ರತಿಯೊಂದರ ಪಕ್ಕದಲ್ಲಿ ಅದೇ ಒಂದು ಸ್ಕೇಲು. ಎಲ್ಲದರ ಮೊನೆ ಒಂದೇ ದಿಕ್ಕಿಗೆ. ಬೋರ್ ಹೊಡಿಯತ್ತೆ, ಗೊತ್ತು, ಆದ್ರೆ ಕೊನೇಲಿ ನಲವತ್ತನ್ನೂ ಒಟ್ಟಿಗಿಟ್ಟು ನೋಡಿದಾಗ ಯಾವ ಉಳಿ ಸಾಣೆ ಹಿಡಿದು ಹಿಡಿದು ಅರ್ಧಕ್ಕೆ ಬಂದಿದೆ, ಅಂದ್ರೆ ಅಜ್ಜ ಯಾವುದನ್ನ ಹೆಚ್ಚು ಬಳಸ್ತಿದ್ರು ಅನ್ನೋದು ತಾನಾಗೇ ಕಾಣತ್ತೆ. ಕ್ಯಾಮೆರಾ ಇದ್ರೆ ಲೆನ್ಸಿನ ತೂತಿನ ಅಳತೆನ ಎಫ್/8 ಅಥವಾ ಎಫ್/11 ಇಡಿ (ಅಂಕಿ ದೊಡ್ಡದಾದಷ್ಟೂ ತೂತು ಸಣ್ಣದು), ಎಲ್ಲ ಶಾರ್ಪ್ ಬರಲಿ ಅಂತ ಎಫ್/22ಕ್ಕೆ ಹೋಗಬೇಡಿ, ಅಷ್ಟು ಸಣ್ಣ ತೂತಲ್ಲಿ ಬೆಳಕು ಚದುರಿ ಇಡೀ ಫೋಟೋನೇ ಮೆತ್ತಗಾಗತ್ತೆ.

18ನೇ ಶತಮಾನದ ಫ್ರೆಂಚ್ ವಿಶ್ವಕೋಶಕ್ಕೆ 1762ರಿಂದ 1772ರವರೆಗೆ 11 ಸಂಪುಟ ಬರೀ ಚಿತ್ರಗಳೇ ಬಂದವು, ಅದರಲ್ಲಿ ಎಷ್ಟೋ ಪುಟಗಳಲ್ಲಿ ಮೇಲ್ಗಡೆ ಕಾರ್ಖಾನೆ ಒಳಗೆ ಜನ ಕೆಲಸ ಮಾಡ್ತಿರೋ ದೃಶ್ಯ, ಕೆಳಗಡೆ ಅದೇ ಉಪಕರಣಗಳು ಬಿಡಿ ಬಿಡಿಯಾಗಿ. ನೀವೂ ಹಾಗೇ ಮಾಡಿ. ಪ್ರತಿ ಉಪಕರಣಕ್ಕೆ ಒಂದು ಬಿಡಿ ಫೋಟೋ, ಇನ್ನೊಂದು ಯಾರದಾದ್ರೂ ಕೈಲಿ ಹಿಡಿದಿರೋದು. ಕೈ ಇಲ್ಲದಿದ್ರೆ ಕೆಲವು ಉಪಕರಣ ಎತ್ತಿ ಹೊಡಿಯೋದೋ ಎಳೆದು ಕೀಸೋದೋ ಅಂತಲೇ ಗೊತ್ತಾಗಲ್ಲ.

ಅಜ್ಜ ಅದನ್ನ ಏನಂತ ಕರೀತಿದ್ರು ಅಂತ ನೆನಪಿರೋ ಹಿರಿಯರು ಮನೇಲಿದ್ರೆ ಇವತ್ತೇ ಪಕ್ಕದಲ್ಲಿ ಕೂರಿಸ್ಕೊಳ್ಳಿ, ಪುಸ್ತಕದ ಹೆಸರು ಬೇಡ, ಅವರ ಬಾಯಿಗೆ ಬಂದ ಹೆಸರನ್ನೇ ಬರ್ಕೊಳ್ಳಿ. ನಂಬರ್ ಚೀಟಿನ ಮಾತ್ರ ಉಪಕರಣಕ್ಕೆ ಅಂಟಿಸಬೇಡಿ, ಪಕ್ಕದಲ್ಲಿಡಿ ಅಥವಾ ದಾರ ಕಟ್ಟಿ, ಗೋಂದು ಕೀಳೋವಾಗ ಆ ಕಪ್ಪು ಹೊಳಪೂ ಜೊತೇಲೇ ಎದ್ದು ಬರತ್ತೆ.