ಜಾಡು ಹಿಡಿಯುವ ಸ್ಲೂತ್

ಪ್ರಶ್ನೆ: ‘ಲೋಕಾಯುಕ್ತ ಸ್ಲೂತ್ಸ್ ದಾಳಿ’ ಎಂದು ಇಂಗ್ಲಿಷ್ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಸ್ಲೂತ್ ಎಂದರೆ ಪತ್ತೇದಾರನೋ, ಗೂಢಚಾರನೋ? ಕನ್ನಡದಲ್ಲಿ ಏನೆಂದು ಬರೆಯಬೇಕು?

ಉತ್ತರ: ಪತ್ತೇದಾರ. ಗೂಢಚಾರನಿಗೆ ಇಂಗ್ಲಿಷಿನಲ್ಲಿ ‘ಸ್ಪೈ’ ಇದೆ. ಅವನು ಗುಟ್ಟು ಕದ್ದು ತರುವವನು. ಸ್ಲೂತ್ ಸುಳಿವಿನ ಬೆನ್ನು ಹತ್ತಿ ಹೋಗುವವನು.

ಈ ಪದದ ಮೂಲ ಅರ್ಥವೇ ‘ಜಾಡು’. ಹಳೆಯ ನಾರ್ಸ್ ಭಾಷೆಯಿಂದ ಇಂಗ್ಲಿಷಿಗೆ ಬಂದದ್ದು. ಸ್ಕಾಟ್ಲೆಂಡಿನಲ್ಲಿ, ನೆಲಕ್ಕೆ ಮೂಗು ಹಚ್ಚಿ ವಾಸನೆಯ ಮೇಲೇ ದನಗಳ್ಳರನ್ನು ಅಟ್ಟಿಕೊಂಡು ಹೋಗುವ ಬೇಟೆನಾಯಿಯನ್ನು ‘ಸ್ಲೂತ್‌ಹೌಂಡ್’ ಎನ್ನುತ್ತಿದ್ದರು. 19ನೇ ಶತಮಾನದ ಅಮೆರಿಕದಲ್ಲಿ ನಾಯಿಯ ಹೆಸರು ಮನುಷ್ಯನಿಗೆ ಅಂಟಿತು. 1872ರಲ್ಲಿ ನ್ಯೂಯಾರ್ಕಿನ ವಾರಪತ್ರಿಕೆಯೊಂದರ ಧಾರಾವಾಹಿಯ ಪತ್ತೇದಾರನ ಹೆಸರೇ ‘ಓಲ್ಡ್ ಸ್ಲೂತ್’. ಬರಬರುತ್ತಾ ಹೌಂಡ್ ಉದುರಿತು, ಸ್ಲೂತ್ ಉಳಿಯಿತು. ನಮ್ಮ ‘ಜಾಡು ಹಿಡಿ’ ಎಂಬ ಮಾತಿಗೆ ಇದಕ್ಕಿಂತ ಹತ್ತಿರದ ಇಂಗ್ಲಿಷ್ ಪದ ಸಿಗುವುದು ಕಷ್ಟ.

ಬಳಸುವಾಗ ಎಡವುವುದು ಹೆಚ್ಚಾಗಿ ಎರಡು ಕಡೆ. ಸ್ಲೂತ್ ಎಂದರೆ ಆ ಕೆಲಸ ಮಾಡುವ ವ್ಯಕ್ತಿಯೇ, ಹಾಗಾಗಿ ‘ಸ್ಲೂತರ್’ ಬೇಡ. ಕೆಲಸಕ್ಕೆ ‘ಸ್ಲೂತಿಂಗ್’: ‘ಶಿ ಡಿಡ್ ಸಮ್ ಸ್ಲೂತಿಂಗ್’ ಎಂದರೆ ‘ಅವಳು ಒಂದಿಷ್ಟು ಪತ್ತೇದಾರಿ ಮಾಡಿದಳು’. ಉಚ್ಚಾರ ‘ಟ್ರೂತ್’ಗೆ ಪ್ರಾಸ, ಬರೆಯುವಾಗ ಎಲ್ ಆದಮೇಲೆ ಇ, ಆಮೇಲೆ ಯು.

ಇನ್ನೊಂದು ತೊಡಕು ಪದದ ತೂಕದ್ದು. ಬ್ರಿಟನ್, ಅಮೆರಿಕಗಳಲ್ಲಿ ಇದು ಸಲಿಗೆಯ, ಕಥೆಪುಸ್ತಕದ ವಾಸನೆಯ ಮಾತು. ನಮ್ಮ ಇಂಗ್ಲಿಷ್ ಪತ್ರಿಕೆಗಳು ಇದನ್ನು ಸಿಬಿಐ, ಸಿಸಿಬಿ, ಆದಾಯ ತೆರಿಗೆಯವರಿಗೆಲ್ಲ ಹಚ್ಚುತ್ತವೆ; ತಲೆಬರಹದ ಇಕ್ಕಟ್ಟಾದ ಜಾಗದಲ್ಲಿ ‘ಇನ್ವೆಸ್ಟಿಗೇಟರ್ಸ್’ ಹಿಡಿಯುವುದಿಲ್ಲ, ‘ಸ್ಲೂತ್ಸ್’ ಹಿಡಿಯುತ್ತದೆ. ಅರ್ಜಿಯಲ್ಲೋ ದೂರಿನಲ್ಲೋ ಬರೆಯಬೇಡಿ, ಅದು ಹುದ್ದೆಯಲ್ಲ. ಆ ಸುದ್ದಿಯನ್ನು ಕನ್ನಡಕ್ಕೆ ತರುವಾಗ ‘ಲೋಕಾಯುಕ್ತ ಪತ್ತೇದಾರರು’ ಎಂದರೆ ಕಾದಂಬರಿಯಾಗುತ್ತದೆ. ‘ಲೋಕಾಯುಕ್ತ ಪೊಲೀಸರು’ ಎನ್ನಿ, ತನಿಖೆಯ ಹೊಣೆ ಹೊತ್ತವರಾದರೆ ‘ತನಿಖಾಧಿಕಾರಿ’. ಕಥೆ, ಸಿನಿಮಾ ವಿಮರ್ಶೆಗೆ ಮಾತ್ರ ‘ಪತ್ತೇದಾರ’ ಚೆನ್ನಾಗಿ ಒಪ್ಪುತ್ತದೆ.

ಪ್ರಶ್ನೆ: ಮಗನ ಪುಸ್ತಕದಲ್ಲಿ ‘ಎ ಸ್ಲೂತ್ ಆಫ್ ಬೇರ್ಸ್’ ಎಂದಿದೆ. ಕರಡಿಗೂ ಪತ್ತೇದಾರಿಗೂ ಏನು ನಂಟು?

ಉತ್ತರ: ನಂಟಿಲ್ಲ. ಅಲ್ಲಿ ‘ಸ್ಲೂತ್’ ಎಂದರೆ ಕರಡಿಗಳ ಗುಂಪು. ಅದು ನಿಧಾನ, ಸೋಮಾರಿತನ ಎಂಬ ಅರ್ಥದ ‘ಸ್ಲಾತ್’ನಿಂದ ಬಂದದ್ದು, ದರೋಜಿ ಕರಡಿಧಾಮದಲ್ಲಿರುವ ನಮ್ಮ ಕರಡಿಯ ಇಂಗ್ಲಿಷ್ ಹೆಸರು ‘ಸ್ಲಾತ್ ಬೇರ್’ನಲ್ಲಿ ಇರುವುದೂ ಅದೇ ಪದ.